ಸೆಮಿಫೈನಲ್‌ವರೆಗೆ ಬಂದದ್ದನ್ನು ಮುನ್ನಡೆ ಎನ್ನಬಹುದೇ? ಆರ್ಸೆನಲ್‌ನ 2024–25ರ ಚಾಂಪಿಯನ್ಸ್ ಲೀಗ್ ಕುರಿತು

ನಾರ್ತ್‌ಬ್ಯಾಂಕ್ ಕೇಳಿದ್ದು:

2025ರ ಮೇ ಕೊನೆಗೆ ಮ್ಯೂನಿಕ್‌ನಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್ ಮುಗಿದು, ಪಿಎಸ್‌ಜಿ (ಪ್ಯಾರಿಸ್ ಸೇಂಟ್ ಜರ್ಮೇನ್) ತಂಡವು ಇಂಟರ್ ಮಿಲಾನನ್ನು 5–0ರಿಂದ ಮಣಿಸಿ ಕಪ್ ಎತ್ತಿದ ಮೇಲೆ, ನಮ್ಮ ಆರ್ಸೆನಲ್ ಅಭಿಮಾನಿಗಳಲ್ಲಿ ಒಂದು ಬಗೆಯ ಸಮಾಧಾನ ಹರಡಿರುವುದನ್ನು ಗಮನಿಸುತ್ತಿದ್ದೇನೆ. ನಾವು ಸೋತದ್ದು ಚಾಂಪಿಯನ್ನರಿಗೆ, ಅದೂ ಎರಡು ಪಂದ್ಯ ಸೇರಿ 3–1ರ ಅಂತರದಲ್ಲಿ. ಫೈನಲ್ ತಲುಪಿದವರಾದರೋ ಒಂದೇ ರಾತ್ರಿ ಐದು ಗೋಲು ತಿಂದರು. ಹಾಗಾಗಿ ಯುರೋಪಿನ ಎರಡನೆಯ ಉತ್ತಮ ತಂಡ ನಮ್ಮದೇ ಎಂಬುದು ಆ ವಾದದ ಸರಣಿ. ಈ ಲೆಕ್ಕ ನನಗೆ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ, ತಳ್ಳಿಹಾಕಲೂ ಮನಸ್ಸಾಗುತ್ತಿಲ್ಲ. ಆದ್ದರಿಂದ ನಿಮ್ಮೆಲ್ಲರ ಅಭಿಪ್ರಾಯ ಕೇಳೋಣವೆಂದು ಬರೆಯುತ್ತಿದ್ದೇನೆ.

ಮೊದಲು ಸಂತೋಷದ ಸಂಗತಿಗಳನ್ನು ಹೇಳಿಬಿಡುತ್ತೇನೆ. 36 ತಂಡಗಳ ಹೊಸ ಲೀಗ್ ಹಂತದಲ್ಲಿ ಎಂಟು ಪಂದ್ಯಗಳಿಂದ 19 ಅಂಕ ಗಳಿಸಿ ನಾವು ಮೂರನೆಯ ಸ್ಥಾನ ಪಡೆದೆವು. ಹೊಡೆದ ಗೋಲು 16, ಬಿಟ್ಟದ್ದು ಮೂರೇ ಮೂರು. ಬೆರ್ಗಾಮೊದಲ್ಲಿ ಅಟಲಾಂಟಾ ಎದುರಿನ ಮೊದಲ ಪಂದ್ಯದಲ್ಲಿ ರೆಟೆಗಿಯ ಪೆನಾಲ್ಟಿಯನ್ನು ತಡೆದ ನಮ್ಮ ಗೋಲ್‌ಕೀಪರ್ ಡೇವಿಡ್ ರಾಯಾ, ಪುಟಿದು ಬಂದ ಚೆಂಡನ್ನು ಅದೇ ಆಟಗಾರ ತಲೆಯಿಂದ ಗುರಿಯತ್ತ ಕಳುಹಿಸುವಷ್ಟರಲ್ಲಿ ನೆಲದಿಂದೆದ್ದು ಗೋಲುರೇಖೆಯ ಬಳಿ ಮತ್ತೆ ತಡೆದರಲ್ಲ, ಇಡೀ ಋತುವಿನಲ್ಲಿ ನಾನು ಅತಿ ಹೆಚ್ಚು ಬಾರಿ ತಿರುಗಿಸಿ ನೋಡಿದ ದೃಶ್ಯ ಅದೇ ಇರಬೇಕು. ಆಮೇಲೆ ಐಂಡ್‌ಹೋವನ್‌ನಲ್ಲಿ ಪಿಎಸ್‌ವಿ ಎದುರು 7–1. ಆ ಮೇಲೆ ಬಂದದ್ದು ರಿಯಲ್ ಮ್ಯಾಡ್ರಿಡ್.

ಎಪ್ರಿಲ್ 8ರ ಆ ಪಂದ್ಯದ ಬಗ್ಗೆ ಎಷ್ಟು ಬರೆದರೂ ನನಗೆ ಬೇಸರವಾಗದು. ವೃತ್ತಿಜೀವನದಲ್ಲಿ ಅದುವರೆಗೆ ನೇರ ಫ್ರೀ ಕಿಕ್‌ನಿಂದ ಒಂದೂ ಗೋಲು ಹೊಡೆಯದಿದ್ದ ಡೆಕ್ಲಾನ್ ರೈಸ್, 58ನೇ ನಿಮಿಷದಲ್ಲಿ ಚೆಂಡನ್ನು ಎದುರಾಳಿಗಳು ಸಾಲಾಗಿ ನಿಂತು ಕಟ್ಟಿದ ಗೋಡೆಯ ಹೊರಬದಿಯಿಂದ ಬಳಸಿ ತಿರುಗಿಸಿ ಮ್ಯಾಡ್ರಿಡ್ ಗೋಲ್‌ಕೀಪರ್ ಕೂರ್ತ್ವಾ ಅವರ ಕೈಗೆ ಎಟುಕದಂತೆ ಬಲೆಗೆ ಸೇರಿಸಿದರು. ಹನ್ನೆರಡು ನಿಮಿಷಗಳ ನಂತರ ಮತ್ತೊಂದು ಫ್ರೀ ಕಿಕ್ ನೇರವಾಗಿ ಗೋಲಿನ ಮೇಲ್ಮೂಲೆಗೆ ಹೋಯಿತು. ಮೊದಲನೆಯದನ್ನು ಪೆನಾಲ್ಟಿ ಆವರಣದೊಳಗೆ ಎತ್ತಿ ಹಾಕುವ ಯೋಚನೆಯಿತ್ತೆಂದು, ಗೋಡೆ ಮತ್ತು ಗೋಲ್‌ಕೀಪರ್ ನಿಂತ ಜಾಗ ನೋಡಿ ಮನಸ್ಸು ಬದಲಾಯಿಸಿದೆನೆಂದು ರೈಸ್ ಆ ಮೇಲೆ ಹೇಳಿದರು. 75ನೇ ನಿಮಿಷದಲ್ಲಿ ಮೆರಿನೊ ಮೂರನೆಯ ಗೋಲು ಹೊಡೆದರು. ಮರುವಾರ ಅವರ ಬೆರ್ನಬ್ಯೂ ಅಂಗಳದಲ್ಲಿಯೂ 2–1ರ ಗೆಲುವು. ಸಾಕಾ ಪೆನಾಲ್ಟಿಯನ್ನು ಚಮಚದಿಂದ ಎತ್ತಿದಂತೆ ಮೆತ್ತಗೆ ಹೊಡೆಯಲು ಹೋಗಿ ಕೂರ್ತ್ವಾ ಕೈಗೆ ಕೊಟ್ಟದ್ದೂ ಆ ರಾತ್ರಿ ನಮಗೆ ಮುಳುವಾಗಲಿಲ್ಲ.

ಇಷ್ಟೆಲ್ಲ ಇದ್ದೂ ನನ್ನನ್ನು ಕಾಡುತ್ತಿರುವುದು ಬೇರೊಂದು ಸಂಗತಿ. ಹದಿನಾಲ್ಕು ಪಂದ್ಯಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಯಾವ ಪಂದ್ಯದಲ್ಲಿ ಯಾರು ಮೊದಲು ಗೋಲು ಹೊಡೆದರು ಎಂದು ಗುರುತು ಹಾಕಿಕೊಳ್ಳುತ್ತ ಹೋದೆ. ನಾವು ಮೊದಲು ಹೊಡೆದ ಒಂಬತ್ತು ಪಂದ್ಯಗಳಲ್ಲಿ ಎಂಟನ್ನು ಗೆದ್ದಿದ್ದೇವೆ, ಒಂದು ಡ್ರಾ; ಅದೂ ಮೊದಲ ಲೆಗ್‌ನಲ್ಲೇ (ಎರಡು ಪಂದ್ಯಗಳ ಮುಖಾಮುಖಿಯ ಮೊದಲ ಪಂದ್ಯದಲ್ಲೇ) ಮುಗಿದುಹೋಗಿದ್ದ ಪಿಎಸ್‌ವಿ ಮುಖಾಮುಖಿಯ ಎರಡನೆಯ ಪಂದ್ಯ. ಎದುರಾಳಿ ಮೊದಲು ಹೊಡೆದ ಪಂದ್ಯಗಳು ನಾಲ್ಕು: ಸ್ಯಾನ್ ಸಿರೊದಲ್ಲಿ ಇಂಟರ್, ಜನವರಿ ಕೊನೆಗೆ ಜಿರೋನಾ, ಆ ಮೇಲೆ ಪಿಎಸ್‌ಜಿ ಎದುರಿನ ಎರಡೂ ಸೆಮಿಫೈನಲ್. ಇವುಗಳಲ್ಲಿ ಜಿರೋನಾ ಒಂದನ್ನು ಬಿಟ್ಟರೆ ಮಿಕ್ಕ ಮೂರರಲ್ಲೂ ಸೋತಿದ್ದೇವೆ. ಆ ಜಿರೋನಾ ಪಂದ್ಯವಾದರೂ ಎಂಥದು? ನಮ್ಮ ಮುಂದಿನ ಸುತ್ತು ಹೆಚ್ಚುಕಡಿಮೆ ನಿಶ್ಚಯವಾಗಿದ್ದಾಗ, ಹಲವು ಬದಲಾವಣೆ ಮಾಡಿಕೊಂಡು ಆಡಿದ ಪಂದ್ಯ.

ಮುನ್ನಡೆ ಸಿಕ್ಕಿದರೆ ಅದನ್ನು ಕಾಯುವ ಕಲೆ ನಮಗೆ ಚೆನ್ನಾಗಿ ಕರಗತವಾಗಿದೆ. ಹಿಂದೆ ಬಿದ್ದಾಗ ಪಂದ್ಯವನ್ನು ತಿರುಗಿಸುವ ಬಗೆ ಇನ್ನೂ ಗೊತ್ತಾಗಿಲ್ಲ ಎಂದು ನನಗೆ ತೋರುತ್ತದೆ. ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ, ನಮ್ಮದೇ ಎಮಿರೇಟ್ಸ್ ಅಂಗಳದಲ್ಲಿ, ನಾಲ್ಕನೆಯ ನಿಮಿಷಕ್ಕೇ ಪಿಎಸ್‌ಜಿಯ ಡೆಂಬೆಲೆ ಹೊಡೆದ ಮೇಲೆ ನಮಗೆ ಉಳಿದಿದ್ದದ್ದು ಆ ಪಂದ್ಯವೊಂದರಲ್ಲೇ 86 ನಿಮಿಷ, ಜೊತೆಗೆ ಪ್ಯಾರಿಸ್‌ನ 90 ನಿಮಿಷ. ಅಷ್ಟು ಹೊತ್ತಿನಲ್ಲಿ ನಾವು ಹೊಡೆದದ್ದು ಒಂದು ಗೋಲು, ಅದೂ ಒಟ್ಟು ಅಂತರ 3–0 ಆದ ನಂತರ. ಹೀಗಿರುವಾಗ 2009ರ ನಂತರ ಮೊದಲ ಬಾರಿಗೆ ಸೆಮಿಫೈನಲ್ ತಲುಪಿದ್ದನ್ನು ಮುನ್ನಡೆ ಎಂದು ಬರೆದುಕೊಳ್ಳಬೇಕೇ, ಅಥವಾ ಅನುಕೂಲವಾದ ಪಂದ್ಯಗಳನ್ನು ಚೆನ್ನಾಗಿ ಆಡಿದ ವರ್ಷ ಎಂದು ಬರೆದುಕೊಳ್ಳಬೇಕೇ?

ಹೈಬರಿ_ಹಳಬ ಉತ್ತರಿಸಿದ್ದು:

ನಾರ್ತ್‌ಬ್ಯಾಂಕ್ ಅವರೇ, ನಿಮ್ಮ ಪಟ್ಟಿ ಸರಿಯಾಗಿದೆ, ಅದರಿಂದ ನೀವು ಎಳೆದ ತೀರ್ಮಾನ ಸ್ವಲ್ಪ ದೂರ ಹೋಯಿತೆನ್ನಿಸುತ್ತದೆ. ನಾಲ್ಕು ಪಂದ್ಯಗಳಲ್ಲಿ ಎರಡು ಆ ವರ್ಷದ ಚಾಂಪಿಯನ್ನರ ಎದುರು, ಒಂದು ಫೈನಲ್ ಆಡಿದ ಮತ್ತೊಂದು ತಂಡದ ಎದುರು ಅವರದೇ ಅಂಗಳದಲ್ಲಿ. ಇಂಟರ್ ಎದುರು ಮೊದಲ ಅವಧಿಯ ಕೊನೆಗೆ ಮೆರಿನೊ ಕೈಗೆ ಚೆಂಡು ತಾಗಿದ್ದಕ್ಕೆ ಕೊಟ್ಟ ಪೆನಾಲ್ಟಿಯನ್ನು ಚಾಲ್ಹಾನೊಲು ಗುರಿ ಸೇರಿಸಿದರು. ಎರಡನೆಯ ಅವಧಿಯುದ್ದಕ್ಕೂ ಸಾಲು ಸಾಲಾಗಿ ಕಾರ್ನರ್ ಹೊಡೆದವರು ನಾವು. ಅಂಥ ಪಂದ್ಯವನ್ನು ಎದೆಗುಂದಿದ ತಂಡದ ಸೋಲು ಎನ್ನಲಾಗದು.

ನಾನು ಸ್ವಲ್ಪ ಹಿಂದಿನಿಂದ ಅಳೆಯುತ್ತೇನೆ. 2006ರಲ್ಲಿ ನಾವು ಫೈನಲ್‌ಗೆ ಹೋದಾಗ ಆಡಿದ ಆಟ ನೆನಪಿದೆಯೇ? ನಾಕೌಟ್‌ನ ಆರು ಪಂದ್ಯಗಳಲ್ಲಿ ಹೊಡೆದದ್ದು ನಾಲ್ಕೇ ಗೋಲು, ಬಿಟ್ಟದ್ದು ಒಂದೂ ಇಲ್ಲ. ಬೆರ್ನಬ್ಯೂನಲ್ಲಿ ಥಿಯೆರಿ ಆನ್ರಿ ನಾಲ್ಕು ಜನರ ನಡುವೆ ನುಗ್ಗಿ ಹೊಡೆದದ್ದು ಒಂದು, ಯುವೆಂಟಸ್ ಎದುರು ನಮ್ಮ ಹಳೆಯ ಅಂಗಳ ಹೈಬರಿಯಲ್ಲಿ ಎರಡು, ವಿಯಾರಿಯಲ್ ಎದುರು ಕೋಲೊ ಟುರೆ ಹೊಡೆದದ್ದು ಒಂದು. ವಿಯಾರಿಯಲ್‌ನ ಅಂಗಳದಲ್ಲಿ ಆಟ ಮುಗಿಯುವ ಹೊತ್ತಿಗೆ ರಿಕೆಲ್ಮೆಯ ಪೆನಾಲ್ಟಿಯನ್ನು ಲೇಮನ್ ತಡೆಯದಿದ್ದರೆ ಪ್ಯಾರಿಸ್ ಫೈನಲ್ ಹೇಗಿರುತ್ತಿತ್ತೋ ಯಾರು ಬಲ್ಲರು. ಆ ಫೈನಲ್‌ನಲ್ಲಿ ಹದಿನೆಂಟನೇ ನಿಮಿಷಕ್ಕೇ ಲೇಮನ್ ಕೆಂಪು ಕಾರ್ಡ್ ಪಡೆದು ಹೊರನಡೆದರು. ಹತ್ತು ಜನರಾದರೂ ಕ್ಯಾಂಪ್‌ಬೆಲ್ ತಲೆಯಿಂದ ಹೊಡೆದ ಗೋಲಿನಿಂದ ಮುಂದಿದ್ದೆವು. ಕೊನೆಗೆ ಎಟೊ ಮತ್ತು ಬೆಲೆಟ್ಟಿ ಐದು ನಿಮಿಷಗಳೊಳಗೆ ಎರಡು ಗೋಲು ಹೊಡೆದು ಬಾರ್ಸಿಲೋನಾಕ್ಕೆ ಕಪ್ ತಂದುಕೊಟ್ಟರು. ಅಂದರೆ ಮೊದಲು ಗೋಲು ಹೊಡೆದೂ ಸೋತವರು ನಾವು. ಅದನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ?

ಅಲ್ಲಿಂದ ಮುಂದಿನದು ಇಳಿಜಾರು. 2009ರ ಸೆಮಿಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎರಡೂ ಪಂದ್ಯ ಗೆದ್ದಿತು. 2010ರ ಕ್ವಾರ್ಟರ್ ಫೈನಲ್‌ನಲ್ಲಿ ಬಾರ್ಸಿಲೋನಾದ ಮೆಸ್ಸಿ ಒಬ್ಬರೇ ನಾಲ್ಕು ಗೋಲು ಹೊಡೆದರು. 2011ರಿಂದ 2017ರವರೆಗೆ ಏಳು ವರ್ಷ ಸತತವಾಗಿ ಹದಿನಾರರ ಘಟ್ಟದಲ್ಲೇ ಹೊರಬಿದ್ದೆವು. ಆ ಏಳರಲ್ಲಿ ಎರಡು ಸಲ, 2013ರಲ್ಲಿ ಬಯರ್ನ್ ಎದುರು ಮತ್ತು 2015ರಲ್ಲಿ ಮೊನಾಕೊ ಎದುರು, ತವರಿನಲ್ಲಿ 1–3ರಿಂದ ಸೋತು ಹೊರಗೆ 2–0ರಿಂದ ಗೆದ್ದು, ಎದುರಾಳಿ ಅಂಗಳದ ಗೋಲಿಗೆ ಹೆಚ್ಚು ಬೆಲೆ ಕೊಡುತ್ತಿದ್ದ ಹಳೆಯ ನಿಯಮದಿಂದ ಮನೆಗೆ ಮರಳಿದೆವು. ನೀವು ಕೇಳುವ ಪಂದ್ಯ ತಿರುಗಿಸುವ ಗುಣ ಆ ತಂಡಗಳಿಗೆ ಇತ್ತು ನೋಡಿ, ಅದು ಬರುತ್ತಿದ್ದದ್ದು ಮೊದಲ ಲೆಗ್ ಕೈಬಿಟ್ಟ ಮೇಲೆ. 2017ರಲ್ಲಂತೂ ಬಯರ್ನ್ ಎದುರು ಎರಡು ಪಂದ್ಯ ಸೇರಿ 10–2. ಆ ನಂತರ ಆರು ಋತು ಈ ಟೂರ್ನಿಯ ಬಾಗಿಲನ್ನೇ ಕಾಣಲಿಲ್ಲ. 2023–24ರಲ್ಲಿ ಮರಳಿ ಬಂದು ಪೋರ್ಟೊ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ದಾಟಿ, ಕ್ವಾರ್ಟರ್ ಫೈನಲ್‌ನಲ್ಲಿ ಕಿಮ್ಮಿಕ್ ತಲೆಯಿಂದ ಹೊಡೆದ ಒಂದು ಗೋಲಿಗೆ ಬಯರ್ನ್‌ಗೆ ಶರಣಾದೆವು. ಇಷ್ಟು ಹಾದಿ ಕಂಡವನಿಗೆ ಈ ವರ್ಷದ ಸೆಮಿಫೈನಲ್ ಮುನ್ನಡೆಯಲ್ಲದೆ ಬೇರೇನೂ ಆಗಿ ಕಾಣುವುದಿಲ್ಲ.

ಇನ್ನು ಸೋಲಿನ ಕಾರಣ. ಜನವರಿಯಲ್ಲಿ ಮುಂಚೂಣಿಯ ಜೆಸುಸ್ ಮೊಣಕಾಲಿಗೆ ಪೆಟ್ಟಾಯಿತು, ಫೆಬ್ರವರಿಯಲ್ಲಿ ಮುಂಚೂಣಿಯ ಹಾವರ್ಟ್ಜ್ ತೊಡೆಯ ಸ್ನಾಯು ಹೋಯಿತು, ಎಪ್ರಿಲ್ ಮೊದಲ ದಿನವೇ ರಕ್ಷಕ ಗೇಬ್ರಿಯಲ್ ಗಾಯಗೊಂಡು ಹೊರಬಿದ್ದರು. ವರ್ಗಾವಣೆಯ ಅವಧಿ ತೆರೆದಿದ್ದ ಇಡೀ ಜನವರಿ ತಿಂಗಳಲ್ಲಿ ಒಬ್ಬ ಸ್ಟ್ರೈಕರನ್ನೂ ತರದೆ, ಮಿಡ್‌ಫೀಲ್ಡರ್ ಮೆರಿನೊ ಅವರನ್ನು ಮುಂದೆ ನಿಲ್ಲಿಸಿಕೊಂಡು ಮ್ಯಾಡ್ರಿಡ್ ತಂಡವನ್ನು ಸೋಲಿಸಿದ್ದೇ ಒಂದು ಸಾಹಸ. ಆದರೆ ಈ ಸಾಹಸ ಒಂದೇ ಎಳೆಯ ಮೇಲೆ ನಿಂತಿತ್ತು. ಅಮಾನತಾಗಿದ್ದ ಮಿಡ್‌ಫೀಲ್ಡರ್ ಪಾರ್ಟೆ ಸೆಮಿಫೈನಲ್‌ನ ಮೊದಲ ಲೆಗ್‌ಗೆ ಸಿಗದಿದ್ದಾಗ ಮೆರಿನೊ ಮತ್ತೆ ಮಧ್ಯಕ್ಕೆ ಬರಬೇಕಾಯಿತು, ರೈಸ್ ಇನ್ನಷ್ಟು ಹಿಂದೆ ಸರಿಯಬೇಕಾಯಿತು, ಮುಂದೆ ಟ್ರೊಸಾರ್ ನಿಲ್ಲಬೇಕಾಯಿತು. ಒಬ್ಬ ಆಟಗಾರ ಇಲ್ಲವಾದದ್ದಕ್ಕೆ ಮೂರು ಜಾಗ ಅಲುಗಾಡಿದವು. ರಕ್ಷಣೆಯಲ್ಲಿ ಕಿವಿಯೊರ್ ಇದ್ದ ಜಾಗದಲ್ಲಿ ಗೇಬ್ರಿಯಲ್ ಇದ್ದಿದ್ದರೆ ನಾಲ್ಕನೆಯ ನಿಮಿಷದ ಗೋಲು ಆಗುತ್ತಿರಲಿಲ್ಲ ಎಂಬುದು ನನ್ನ ಬಲವಾದ ನಂಬಿಕೆ.

ಕಾಪ್_ಎಂಡ್ ಉತ್ತರಿಸಿದ್ದು:

ಲಿವರ್‌ಪೂಲ್ ಅಭಿಮಾನಿಯೊಬ್ಬ ನಡುವೆ ಬಾಯಿ ಹಾಕುವುದಕ್ಕೆ ಕ್ಷಮೆಯಿರಲಿ. ಲೀಗ್ ಹಂತದ ಮೂರನೆಯ ಸ್ಥಾನವನ್ನು ನೀವು ಸಂತೋಷದ ಸಂಗತಿಗಳಲ್ಲಿ ಮೊದಲು ಇಟ್ಟಿದ್ದು ನೋಡಿ ಬರೆಯಬೇಕೆನಿಸಿತು. ಆ ಪಟ್ಟಿಯ ಮೊದಲ ಸ್ಥಾನದಲ್ಲಿ 21 ಅಂಕಗಳೊಂದಿಗೆ ಇದ್ದವರು ನಾವು. ಅದಕ್ಕೆ ಸಿಕ್ಕ ಬಹುಮಾನವೆಂದರೆ ಹದಿನಾರರ ಘಟ್ಟದಲ್ಲಿ ಪಿಎಸ್‌ಜಿ. ಪ್ಯಾರಿಸ್‌ನಲ್ಲಿ ಪಂದ್ಯದುದ್ದಕ್ಕೂ ಅವರು ನಮ್ಮ ಮೇಲೆ ಮುಗಿಬಿದ್ದರೂ ನಮ್ಮ ಗೋಲ್‌ಕೀಪರ್ ಅಲಿಸನ್ ತಡೆದ ಚೆಂಡುಗಳ ಬಲದಿಂದ, ಕೊನೆಯ ಹೊತ್ತಿನಲ್ಲಿ ಎಲಿಯಟ್ ಹೊಡೆದ ಗೋಲಿನಿಂದ 1–0ರಲ್ಲಿ ಗೆದ್ದೆವು. ನಮ್ಮ ಅಂಗಳ ಆನ್‌ಫೀಲ್ಡ್‌ನಲ್ಲಿ ಅಷ್ಟೇ ಅಂತರದಿಂದ ಸೋತು, ಶೂಟೌಟ್‌ನಲ್ಲಿ ನುನೆಜ್ ಮತ್ತು ಜೋನ್ಸ್ ಹೊಡೆತಗಳನ್ನು ಡೊನ್ನಾರುಮಾ ತಡೆದಲ್ಲಿಗೆ ನಮ್ಮ ಕಥೆ ಮುಗಿಯಿತು. ಕಪ್ ಗೆದ್ದ ಪಿಎಸ್‌ಜಿ ಅದೇ ಪಟ್ಟಿಯಲ್ಲಿ ಇದ್ದದ್ದು 13 ಅಂಕಗಳೊಂದಿಗೆ ಹದಿನೈದನೆಯ ಸ್ಥಾನದಲ್ಲಿ.

ಅಕ್ಟೋಬರ್‌ನಲ್ಲಿ ನೀವು ಅವರನ್ನು 2–0ರಿಂದ ಸೋಲಿಸಿದ್ದಿರಿ. ಆ ರಾತ್ರಿ ಶಿಸ್ತಿನ ಕಾರಣ ಕೊಟ್ಟು ಅವರ ಕೋಚ್ ಲೂಯಿಸ್ ಎನ್ರಿಕೆ ಡೆಂಬೆಲೆಯನ್ನು ಲಂಡನ್‌ಗೇ ಕರೆತಂದಿರಲಿಲ್ಲ, ಕ್ವಾರಾಟ್ಸ್‌ಖೇಲಿಯಾ ಇನ್ನೂ ನೇಪಲ್ಸ್‌ನಲ್ಲಿದ್ದರು. ಎಪ್ರಿಲ್‌ನಲ್ಲಿ ನಿಮ್ಮ ಅಂಗಳದಲ್ಲಿ ಚೆಂಡು ಕೊಟ್ಟವರು ಕ್ವಾರಾಟ್ಸ್‌ಖೇಲಿಯಾ, ಹೊಡೆದವರು ಡೆಂಬೆಲೆ. ಜನವರಿ 22ರಂದು ಮ್ಯಾಂಚೆಸ್ಟರ್ ಸಿಟಿ ಎದುರು 0–2ರಿಂದ ಹಿಂದೆ ಬಿದ್ದು, ಟೂರ್ನಿಯಿಂದಲೇ ಹೊರಬೀಳುವ ಅಂಚಿನಲ್ಲಿದ್ದ ತಂಡ ಅದು. ಅಲ್ಲಿಂದ 4–2ರಿಂದ ಗೆದ್ದರು. ಆ ತಂಡ ತಯಾರಾದದ್ದು ಆ ಅರ್ಧ ಗಂಟೆಯಲ್ಲಿ ಎಂದರೆ ಅತಿಶಯೋಕ್ತಿಯಾದೀತು, ಆದರೂ ನಾರ್ತ್‌ಬ್ಯಾಂಕ್ ಅವರು ಯಾವುದನ್ನು ಹುಡುಕುತ್ತಿದ್ದಾರೋ ಅದು ಅಲ್ಲಿ ಕಣ್ಣಿಗೆ ಕಾಣುವಂತಿತ್ತು.

ಪಂದ್ಯ ತಿರುಗಿಸುವುದನ್ನು ಜನ ಎದೆಗಾರಿಕೆಯ ವಿಷಯವೆಂದು ಮಾತಾಡುತ್ತಾರೆ. ನಮ್ಮ ಅನುಭವ ಬೇರೆ. 2005ರ ಇಸ್ತಾಂಬುಲ್ ಫೈನಲ್‌ನಲ್ಲಿ ಮಿಲಾನ್ ಎದುರು 0–3ರಿಂದ ಹಿಂದಿದ್ದಾಗ, ನಮ್ಮ ಕೋಚ್ ಬೆನಿಟೆಜ್ ವಿರಾಮದ ವೇಳೆಯಲ್ಲಿ ಫಿನ್ನನ್ ಅವರನ್ನು ಹೊರತೆಗೆದು ಹಮನ್ ಅವರನ್ನು ಇಳಿಸಿ, ಹಿಂದೆ ಮೂವರನ್ನು ಇಟ್ಟು ಕಾಕಾಗೆ ಸಿಗುತ್ತಿದ್ದ ಜಾಗವನ್ನು ಮುಚ್ಚಿದರು. ಜೆರಾರ್ಡ್ ಮುಂದಕ್ಕೆ ಹೋಗುವ ಹಾಗಾದದ್ದು ಆ ಕಾರಣದಿಂದ; ಆ ಮೇಲೆ ಆರು ನಿಮಿಷಗಳಲ್ಲಿ ಮೂರು ಗೋಲು. 2019ರಲ್ಲಿ ಬಾರ್ಸಿಲೋನಾ ಎದುರು 0–3ರ ಹೊರೆ ಹೊತ್ತು ಆನ್‌ಫೀಲ್ಡ್‌ಗೆ ಬಂದಾಗ ಸಾಲಾ ಇರಲಿಲ್ಲ, ಫರ್ಮಿನೊ ಇರಲಿಲ್ಲ. ವಿರಾಮದ ಹೊತ್ತಿಗೆ ರಾಬರ್ಟ್‌ಸನ್ ಗಾಯಗೊಂಡರು, ಅವರ ಬದಲು ಇಳಿದ ವೈನಾಲ್ಡಮ್ ಎರಡು ಗೋಲು ಹೊಡೆದರು, ಉಳಿದೆರಡು ಒರಿಗಿಯವು. ಬೆಂಚಿನ ಮೇಲೆ ಆಟದ ಸ್ವರೂಪವನ್ನೇ ಬದಲಿಸಬಲ್ಲ ಒಬ್ಬ ಕುಳಿತಿರಬೇಕು, ಅವನನ್ನು ಇಳಿಸುವ ಧೈರ್ಯ ಕೋಚ್‌ಗೆ ಇರಬೇಕು. ಜಾಗ ಬದಲಿಸಿ ಬದಲಿಸಿ ಹನ್ನೊಂದು ಜನರನ್ನು ಹೊಂದಿಸಿಕೊಂಡ ತಂಡದಲ್ಲಿ ಬೆಂಚಿನ ಮೇಲೆ ಯಾರು ಉಳಿದಿರುತ್ತಾರೆ?

ಕಟುಮಾತು ಉತ್ತರಿಸಿದ್ದು:

ಗಾಯಾಳುಗಳ ಪಟ್ಟಿ ಎಲ್ಲರ ಬಳಿಯೂ ಇರುತ್ತದೆ. ಪ್ಯಾರಿಸ್ ಪಂದ್ಯ ಮುಗಿದ ಮೇಲೆ ಆರ್ಟೆಟಾ, ಈ ಟೂರ್ನಿಯಲ್ಲಿ ನಮಗಿಂತ ಉತ್ತಮ ತಂಡವನ್ನು ತಾನು ಕಂಡಿಲ್ಲ ಎಂಬ ಅರ್ಥದ ಮಾತಾಡಿದ್ದನ್ನು ಓದಿ ನನಗೆ ನಗು ಬಂತು. ಎರಡೂ ಪಂದ್ಯ ಸೋತ ತಂಡದ ಕೋಚ್ ಹಾಗೆ ಹೇಳಿದರೆ ಆಟಗಾರರಿಗೆ ಧೈರ್ಯ ತುಂಬಲು ಹೇಳಿದ್ದಾರೆ ಎಂದು ಒಪ್ಪಿಕೊಳ್ಳೋಣ. ಅಭಿಮಾನಿಗಳಾದ ನಾವು ಅದನ್ನೇ ನಂಬಿಕೊಂಡು ಕೂರಬೇಕಾಗಿಲ್ಲ. ಪ್ರೀಮಿಯರ್ ಲೀಗ್‌ನಲ್ಲಿ ಸತತ ಮೂರು ವರ್ಷ ಎರಡನೆಯ ಸ್ಥಾನ, 2020ರ ಎಫ್‌ಎ ಕಪ್ ನಂತರ ಹೇಳಿಕೊಳ್ಳುವಂಥ ಒಂದೂ ಕಪ್ ಇಲ್ಲ, ಈಗ ಯುರೋಪಿನಲ್ಲಿಯೂ ಗೌರವಯುತ ಸೋಲು. ಗೌರವಯುತ ಸೋಲುಗಳ ಸಂಗ್ರಹ ನಮ್ಮಲ್ಲಿ ಮೊದಲಿನಿಂದಲೂ ದೊಡ್ಡದೇ. ಯುರೋಪಿನ ಬೇರೆ ಕಪ್‌ಗಳ ಫೈನಲ್‌ಗಳನ್ನೇ ನೋಡಿ: 1980ರಲ್ಲಿ ವೇಲೆನ್ಸಿಯಾ ಎದುರು ಪೆನಾಲ್ಟಿ, 1995ರಲ್ಲಿ ಹೆಚ್ಚುವರಿ ಸಮಯದ ಕೊನೆಗಳಿಗೆಯಲ್ಲಿ ಮೈದಾನದ ಮಧ್ಯದ ಸಮೀಪದಿಂದ ಸರಗೊಸಾ ತಂಡದ ನಯೀಮ್ ಹೊಡೆದ ಗೋಲು, 2000ದಲ್ಲಿ ಗಲಾಟಸರಾಯ್ ಎದುರು ಮತ್ತೆ ಪೆನಾಲ್ಟಿ. ಕಪ್ ಬರಲಿ, ಆಮೇಲೆ ಮುನ್ನಡೆಯ ಮಾತಾಡೋಣ.

ಮೆಡೊಪಾರ್ಕ್ ಉತ್ತರಿಸಿದ್ದು:

ಕಪ್ ಬಂದಿದೆ, ಕಟುಮಾತು ಅವರೇ. ಮೇ 24ರಂದು ಲಿಸ್ಬನ್‌ನಲ್ಲಿ ಬಾರ್ಸಿಲೋನಾ ತಂಡವನ್ನು 1–0ರಿಂದ ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದದ್ದು ಆರ್ಸೆನಲ್ ಮಹಿಳಾ ತಂಡ. 2007ರ ನಂತರ ಕ್ಲಬ್‌ಗೆ ಇದು ಎರಡನೆಯ ಬಾರಿಗೆ ಸಿಕ್ಕ ಯುರೋಪಿನ ಕಿರೀಟ. ನಮ್ಮ ಕ್ಲಬ್‌ನ ಯುರೋಪ್ ಪಯಣದ ಬಗ್ಗೆ ಇಷ್ಟುದ್ದದ ಚರ್ಚೆ ನಡೆಯುತ್ತಿದ್ದು, ಇದುವರೆಗೆ ಒಬ್ಬರೂ ಈ ಮಾತೆತ್ತದಿರುವುದು ನನಗೆ ಬೇಸರ ತಂದಿದೆ. ಆ ಬೇಸರವನ್ನು ಪಕ್ಕಕ್ಕಿಟ್ಟು ನಾರ್ತ್‌ಬ್ಯಾಂಕ್ ಅವರ ಪ್ರಶ್ನೆಗೇ ಬರುತ್ತೇನೆ, ಏಕೆಂದರೆ ಅವರು ಕೇಳಿದ್ದಕ್ಕೆ ಈ ಲೋಕದಲ್ಲಿ ಬೇರೆಲ್ಲೂ ಇಲ್ಲದಷ್ಟು ನೇರವಾದ ಉತ್ತರ ಅದೇ ಕ್ಲಬ್‌ನ ಒಳಗಿದೆ.

ಈ ತಂಡ ಸೆಪ್ಟೆಂಬರ್ ಆರಂಭದಲ್ಲಿ ಅರ್ಹತಾ ಸುತ್ತಿನಿಂದ ಹೊರಟಿತು. ಎರಡನೆಯ ಅರ್ಹತಾ ಸುತ್ತಿನಲ್ಲಿ ಸ್ವೀಡನ್ನಿನ ಹೆಕೆನ್ ತಂಡಕ್ಕೆ ಹೊರಗೆ 0–1ರಿಂದ ಸೋತು, ತವರಿನಲ್ಲಿ 4–0ರಿಂದ ಗೆದ್ದಿತು. ಗುಂಪು ಹಂತದ ಮೊದಲ ಪಂದ್ಯದಲ್ಲಿ ಬಯರ್ನ್‌ಗೆ 2–5ರಿಂದ ಸೋತಿತು. ಅಕ್ಟೋಬರ್ ನಡುವೆ ಕೋಚ್ ಐಡೆವಾಲ್ ರಾಜೀನಾಮೆ ಕೊಟ್ಟರು, ಅವರ ಸಹಾಯಕಿಯಾಗಿದ್ದ ರೆನೆ ಸ್ಲೆಗರ್ಸ್ ತಾತ್ಕಾಲಿಕವಾಗಿ ಹೊಣೆ ಹೊತ್ತು ಮುಂದೆ ಕಾಯಂ ಆದರು. ಕ್ವಾರ್ಟರ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ಮೊದಲ ಲೆಗ್ 0–2, ಮರುಪಂದ್ಯದಲ್ಲಿ ಎಮಿರೇಟ್ಸ್ ಅಂಗಳದಲ್ಲಿ 3–0. ರುಸ್ಸೊ ಎರಡು, ಮಾರಿಯೋನಾ ಕಾಲ್ಡೆಂಟೆ ಒಂದು. ಸೆಮಿಫೈನಲ್‌ನಲ್ಲಿ ಎಂಟು ಸಲ ಕಪ್ ಗೆದ್ದ ಲಿಯೋನ್ ಎದುರು ತವರಿನಲ್ಲಿ 1–2ರಿಂದ ಸೋತು, ಅವರ ಊರಿಗೆ ಹೋಗಿ 4–1ರಿಂದ ಗೆದ್ದರು. ಮೂರು ಮುಖಾಮುಖಿಗಳಲ್ಲಿ ಮೊದಲ ಲೆಗ್ ಸೋತರು, ಮೂರನ್ನೂ ತಿರುಗಿಸಿದರು. ಪುರುಷರ ತಂಡ ಮೊದಲ ಲೆಗ್ ಸೋತದ್ದು ಒಂದೇ ಒಂದು ಮುಖಾಮುಖಿಯಲ್ಲಿ, ಅಲ್ಲೇ ಪಯಣ ನಿಂತಿತು.

ಕಾಪ್_ಎಂಡ್ ಅವರು ಬೆಂಚಿನ ಬಗ್ಗೆ ಹೇಳಿದ ಮಾತು ಲಿಸ್ಬನ್ ಫೈನಲ್‌ಗೂ ಹೊಂದುತ್ತದೆ. ಹಿಂದಿನ ಎರಡು ವರ್ಷವೂ ಕಪ್ ಗೆದ್ದಿದ್ದ ಬಾರ್ಸಿಲೋನಾ, ಎರಡನೆಯ ಅವಧಿಯ ಆರಂಭದಲ್ಲಿ ಚೆಂಡನ್ನು ಬಿಟ್ಟುಕೊಡದೆ ಒತ್ತಡ ಹೇರುತ್ತಿತ್ತು, ಅವರ ಒಂದು ಹೊಡೆತ ಅಡ್ಡಪಟ್ಟಿಗೂ ಬಡಿಯಿತು. ಅಂಥ ಹೊತ್ತಿನಲ್ಲಿ ಸ್ಲೆಗರ್ಸ್ ಇಬ್ಬರನ್ನು ಒಟ್ಟಿಗೆ ಬದಲಿಸಿ ಬೆತ್ ಮೀಡ್ ಮತ್ತು ಸ್ಟೀನಾ ಬ್ಲಾಕ್‌ಸ್ಟೆನಿಯಸ್ ಅವರನ್ನು ಇಳಿಸಿದರು. ಹತ್ತು ನಿಮಿಷ ಕಳೆಯುವ ಮೊದಲೇ, 74ನೇ ನಿಮಿಷದಲ್ಲಿ, ಮೀಡ್ ರಕ್ಷಣಾ ಸಾಲಿನ ಸಂದಿಯಲ್ಲಿ ಚೆಂಡನ್ನು ತಳ್ಳಿಕೊಟ್ಟರು, ಬ್ಲಾಕ್‌ಸ್ಟೆನಿಯಸ್ ಅದನ್ನು ಕೆಳಗಿಂದ ಬಲೆಯ ದೂರದ ಬದಿಗೆ ಹೊಡೆದರು. ಮುಂಚೂಣಿಯಲ್ಲಿ ರುಸ್ಸೊ ಅವರಂಥವರು ಇದ್ದಾಗಲೂ ಅದೇ ಸ್ಥಾನಕ್ಕೆ ಬೇರೆ ಬಗೆಯ, ರಕ್ಷಕರ ಬೆನ್ನ ಹಿಂದೆ ಓಡುವ ಆಟಗಾರ್ತಿಯೊಬ್ಬರನ್ನು ಬೆಂಚಿನಲ್ಲಿ ಇಟ್ಟುಕೊಳ್ಳುವುದು ಎಂದರೆ ಇದು. ಪುರುಷರ ತಂಡದಲ್ಲಿ ಆ ಹೊತ್ತಿಗೆ ಮುಂಚೂಣಿಗೆ ಒಬ್ಬರೂ ನಿಜವಾದ ಸ್ಟ್ರೈಕರ್ ಇರಲಿಲ್ಲ, ಎರಡನೆಯವರ ಮಾತು ದೂರವೇ ಉಳಿಯಿತು.

ನಾರ್ತ್‌ಬ್ಯಾಂಕ್ ಮತ್ತೆ ಬರೆದದ್ದು:

ಮೆಡೊಪಾರ್ಕ್ ಅವರೇ, ಧನ್ಯವಾದ. ಲಿಯೋನ್‌ನ ಆ 4–1 ಪಂದ್ಯವನ್ನು ನಾನು ನೋಡಿದ್ದೆ. ಅದನ್ನು ನನ್ನ ಪ್ರಶ್ನೆಯ ಪಕ್ಕದಲ್ಲಿಟ್ಟು ನೋಡುವುದು ಹೊಳೆದಿರಲಿಲ್ಲ. ನಿಮ್ಮ ಮತ್ತು ಕಾಪ್_ಎಂಡ್ ಅವರ ಮಾತುಗಳನ್ನು ಓದಿದ ಮೇಲೆ ಪ್ಯಾರಿಸ್ ಪಂದ್ಯವನ್ನು ಮತ್ತೊಮ್ಮೆ ಪೂರ್ತಿ ನೋಡಿದೆ. ಮೊದಲ ಹತ್ತು ನಿಮಿಷ ನಮ್ಮದೇ. ಪಾರ್ಟೆ ಗೆರೆಯ ಹೊರಗಿನಿಂದ ಉದ್ದಕ್ಕೆ ಎಸೆದ ಚೆಂಡು ಮಾರ್ಟಿನೆಲ್ಲಿ ಕಾಲಿಗೆ ಸಿಕ್ಕಿ, ಅಷ್ಟು ಹತ್ತಿರದಿಂದ ಹೊಡೆದರೂ ಡೊನ್ನಾರುಮಾ ತಡೆದರು. ಒಡೆಗಾರ್ಡ್ ಅವರ ಕೆಳಮಟ್ಟದ ಹೊಡೆತಕ್ಕೂ ಉದ್ದಕ್ಕೆ ಬಿದ್ದು ಕೈಚಾಚಿದರು. 27ನೇ ನಿಮಿಷದಲ್ಲಿ ಫ್ರೀ ಕಿಕ್ ಒಂದನ್ನು ನಾವು ಪೂರ್ತಿ ತೆರವುಗೊಳಿಸದೆ ಬಿಟ್ಟಾಗ ಫ್ಯಾಬಿಯನ್ ರುಯಿಜ್ ಹೊಡೆದರು. ಇಲ್ಲಿಂದ ಮುಂದೆ, ಸುಮಾರು ಮುಕ್ಕಾಲು ಗಂಟೆ, ನಾವು ಮಾಡಿದ್ದು ಮೊದಲ ಹತ್ತು ನಿಮಿಷ ಮಾಡಿದ್ದನ್ನೇ. ಅದೇ ಬದಿಯಿಂದ ಅದೇ ಬಗೆಯ ಚೆಂಡು, ಪ್ರತಿ ಸಲ ಸ್ವಲ್ಪ ನಿಧಾನವಾಗಿ. ನನ್ನ ಪಟ್ಟಿಯಲ್ಲಿ ಕಾಣದಿದ್ದದ್ದು ಇದು.

ಆದರೆ ಬೆಂಚು ಬರಿದಾಗಿತ್ತು ಎಂಬುದನ್ನು ಪೂರ್ತಿ ಒಪ್ಪಲಾರೆ. ಪ್ಯಾರಿಸ್‌ನಲ್ಲಿ ನಮ್ಮ ಒಂದೇ ಗೋಲಾದ ಸಾಕಾ ಗೋಲಿಗೆ ಚೆಂಡು ಕಸಿದು ಕೊಟ್ಟವರು ಬದಲಿಯಾಗಿ ಇಳಿದ ಟ್ರೊಸಾರ್. ನಾಲ್ಕು ನಿಮಿಷದ ನಂತರ ತೆರೆದ ಗೋಲಿನ ಮುಂದೆ ಸಾಕಾ ಅಡ್ಡಪಟ್ಟಿಯ ಮೇಲಿನಿಂದ ಹಾರಿಸಿದ ಚೆಂಡನ್ನು ಎಡಬದಿಯಿಂದ ಕಳುಹಿಸಿದವರು ಬದಲಿಯಾಗಿ ಇಳಿದ ಕಲಾಫಿಯೋರಿ. ಇದ್ದವರನ್ನು ಇಳಿಸಿದ್ದು ತಡವಾಯಿತು ಎಂಬ ದೂರು ನನ್ನದು, ಅದು ಕೋಚ್ ಮೇಲಿನ ದೂರು. ವಿರಾಮದ ವೇಳೆಗೇ ಒಂದು ಬದಲಾವಣೆ ಆಗಬೇಕಿತ್ತು. ಬೇಸಿಗೆಯಲ್ಲಿ ಸ್ಟ್ರೈಕರ್ ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬಂದವರು ಹೊರಗೆ ಕುಳಿತಿದ್ದು ನಲವತ್ತೈದನೆಯ ನಿಮಿಷಕ್ಕೆ ಇಳಿಯುವ ಪದ್ಧತಿಯೂ ಜೊತೆಗೆ ಬರಬೇಕು.

ಹೈಬರಿ_ಹಳಬ ಅವರಿಗೆ: ವರ್ಷಗಳ ಹಾದಿಯಿಂದ ಅಳೆದರೆ ಮುನ್ನಡೆ ಎಂಬುದನ್ನು ಒಪ್ಪಿದೆ, ಕಿವಿಯೊರ್ ವಿಷಯ ಒಪ್ಪುವುದಿಲ್ಲ. ಮ್ಯಾಡ್ರಿಡ್ ಎದುರಿನ ಎರಡೂ ಪಂದ್ಯಗಳಲ್ಲಿ ಎಂಬಾಪೆಯನ್ನು ಕಟ್ಟಿಹಾಕಿದ ಜೋಡಿಯಲ್ಲಿ ಒಬ್ಬರು ಅವರೇ. ನಾಲ್ಕನೆಯ ನಿಮಿಷದ ಗೋಲಿನಲ್ಲಿ ಡೆಂಬೆಲೆ ಮಧ್ಯವೃತ್ತದ ಬಳಿಗೆ ಇಳಿದು ಬಂದು ಚೆಂಡು ಪಡೆದು, ಯಾರ ಅಡ್ಡಿಯೂ ಇಲ್ಲದೆ ತಿರುಗಿ, ಎಡಬದಿಗೆ ಕಳುಹಿಸಿ, ನಡೆದುಕೊಂಡೇ ಬಂದರೆಂಬಷ್ಟು ನಿರಾಳವಾಗಿ ಪೆನಾಲ್ಟಿ ಆವರಣದ ಅಂಚಿಗೆ ಬಂದು ಮರಳಿ ಪಡೆದು ಹೊಡೆದರು. ಅಷ್ಟು ದೂರ ಅವರ ಹಿಂದೆ ಹೋಗಬೇಕಾದವರು ಮಧ್ಯದ ಮೂವರಲ್ಲಿ ಒಬ್ಬರು. ಸೆಂಟರ್ ಬ್ಯಾಕ್ (ರಕ್ಷಣೆಯ ನಡುವೆ ನಿಲ್ಲುವ ಕಿವಿಯೊರ್ ಅಂಥವರು) ಅಲ್ಲಿಗೆ ಓಡಿದ್ದರೆ ಹಿಂದೆ ಬಿಟ್ಟ ಜಾಗಕ್ಕೆ ಪಿಎಸ್‌ಜಿಯ ಡುಯೆ ನುಗ್ಗುತ್ತಿದ್ದರು.

ಹೈಬರಿ_ಹಳಬ ಉತ್ತರಿಸಿದ್ದು:

ಮಧ್ಯದ ಮೂವರಲ್ಲಿ ಯಾರು ಎಂಬುದನ್ನೂ ಹೇಳಿಬಿಡಿ. ರೈಸ್ ಎಂದಾದರೆ, ಪಾರ್ಟೆ ಇಲ್ಲದ್ದರಿಂದ ಅವರು ತಮ್ಮದಲ್ಲದ ಜಾಗದಲ್ಲಿ ನಿಂತಿದ್ದರು ಎಂಬ ನನ್ನ ಮೊದಲ ಮಾತಿಗೇ ನಾವು ಬಂದು ನಿಂತೆವು. ಕಿವಿಯೊರ್ ಹೆಸರನ್ನು ಮಾತ್ರ ಸದ್ಯಕ್ಕೆ ಹಿಂತೆಗೆದುಕೊಳ್ಳುತ್ತೇನೆ.